ಪೈಥಾನ್ ಪ್ರಾಜೆಕ್ಟಿಗೊಂದು ಎನ್ವಿರಾನ್ಮೆಂಟ್: ನಮ್ಮ ಕಲಬುರಗಿ ಕ್ಲಾಸಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರದ ಒಂದು ಕೋಣೆಯಲ್ಲಿ ಭಾನುವಾರ ಪೈಥಾನ್ ಹೇಳಿಕೊಡುತ್ತೇನೆ. ಆಳಂದ, ಸೇಡಂ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬೆಳಗಿನ ಬಸ್ಸು ಹಿಡಿದು ಬರುವ ಮಕ್ಕಳೇ ಜಾಸ್ತಿ. ಲೂಪು, ಫಂಕ್ಷನ್ನು ಎಲ್ಲಾ ಬೇಗ ಹಿಡಿದುಕೊಳ್ಳುತ್ತಾರೆ. ಸೋತು ಕೂರುವುದು ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟು, ಹಾಕುವಾಗ. "ನನಗೆ ಪ್ರೋಗ್ರಾಮಿಂಗ್ ಬರಲ್ಲ" ಅಂತ ಎಷ್ಟೋ ಜನ ತೀರ್ಮಾನ ಮಾಡಿಬಿಡುವುದು ಇಲ್ಲೇ. ಅದು ನನಗೆ ತುಂಬಾ ಬೇಜಾರು. ತಪ್ಪು ಅವರದ್ದಲ್ಲ, ಯಾರೂ ಇದನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿರುವುದಿಲ್ಲ ಅಷ್ಟೇ.

ಕಮಾಂಡುಗಳನ್ನು ಕ್ಲಾಸಿನಲ್ಲಿ ಬಾಯಲ್ಲಿ ಹೇಳುವ ಹಾಗೇ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ ಹೊಡೆಯಿರಿ.

ವರ್ಚುವಲ್ ಎನ್ವಿರಾನ್ಮೆಂಟ್ ಅಂದರೆ ಏನ್ರಿ ಸರ್?

ಒಂದು ಫೋಲ್ಡರ್. ಅಷ್ಟೇ. ಹೆಸರು ದೊಡ್ಡದಿದೆ ಅಂತ ಹೆದರಬೇಡಿ.

ಸಾಮಾನ್ಯವಾಗಿ ಅದಕ್ಕೆ ".ವೆನ್ವ್" (.venv) ಅಂತ ಹೆಸರಿಡುತ್ತೇವೆ. ಒಮ್ಮೆ ತೆರೆದು ನೋಡಿ. ವಿಂಡೋಸ್‌ನಲ್ಲಿ "ಸ್ಕ್ರಿಪ್ಟ್ಸ್", "ಲಿಬ್" ಅಂತ ಫೋಲ್ಡರ್‌ಗಳು ಇರುತ್ತವೆ. ಲಿನಕ್ಸ್‌ನಲ್ಲಿ "ಸ್ಕ್ರಿಪ್ಟ್ಸ್" ಬದಲು "ಬಿನ್". ಜೊತೆಗೆ "ಪೈವೆನ್ವ್.ಸಿಎಫ್‌ಜಿ" ಅನ್ನುವ ಚಿಕ್ಕ ಫೈಲು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ನಾಲ್ಕೈದು ಸಾಲು ಕಾಣುತ್ತವೆ. "ಹೋಮ್" ಅನ್ನುವ ಸಾಲಿನಲ್ಲಿ ನಿಮ್ಮ ಅಸಲಿ ಪೈಥಾನ್ ಎಲ್ಲಿ ಕೂತಿದೆ ಅನ್ನುವ ವಿಳಾಸ ಇರುತ್ತದೆ. ಇನ್ನೊಂದು ಸಾಲು, ಕಂಪ್ಯೂಟರಿನ ಸಾಮೂಹಿಕ ಪ್ಯಾಕೇಜುಗಳನ್ನು ಒಳಗೆ ಬಿಡಬೇಕೋ ಬೇಡವೋ ಅಂತ ಹೇಳುತ್ತದೆ. ಅಲ್ಲಿ "ಫಾಲ್ಸ್" ಅಂತ ಇರುತ್ತದೆ. ಪ್ರತ್ಯೇಕತೆ ಅನ್ನುವುದೆಲ್ಲಾ ಆ ಒಂದು ಪದದಲ್ಲಿದೆ.

ಪೈಥಾನ್ ಪೂರ್ತಿ ಇಲ್ಲಿ ನಕಲಾಗುವುದಿಲ್ಲ. ಅದರ ಮೂಲ ಲೈಬ್ರರಿ ಹಳೆ ಜಾಗದಲ್ಲೇ ಇರುತ್ತದೆ. ನೀವು ಪಿಪ್‌ನಿಂದ (ಪ್ಯಾಕೇಜ್ ಇಳಿಸಿ ಹಾಕುವ ಉಪಕರಣ) ಹಾಕುವ ಪ್ಯಾಕೇಜುಗಳು ಮಾತ್ರ ಈ ಫೋಲ್ಡರಿನ "ಸೈಟ್-ಪ್ಯಾಕೇಜಸ್" ಒಳಗೆ ಬಂದು ಕೂರುತ್ತವೆ.

ಇಷ್ಟೆಲ್ಲಾ ಯಾಕೆ ಬೇಕು? ಒಂದೇ ಕಡೆ ಹಾಕಿದರೆ ಆಗಲ್ವಾ?

ನಾನೂ ಹಾಗೇ ಮಾಡುತ್ತಿದ್ದೆ. ನಿಲ್ಲಿಸಿದ್ದು ಯಾಕೆ ಅಂತ ಹೇಳುತ್ತೇನೆ.

2024ರಲ್ಲಿ ನಮ್ಮ ಕ್ಲಾಸಿನ ಒಂದು ತಂಡ ತೊಗರಿ ದರದ ಪ್ರಾಜೆಕ್ಟ್ ಮಾಡಿತ್ತು. ನಮ್ಮ ಕಡೆ ತೊಗರಿ ಅಂದರೆ ಬರೀ ಬೆಳೆ ಅಲ್ಲ, ಮನೆಯ ವರ್ಷದ ಲೆಕ್ಕ. ಅಪ್ಪ ಯಾವ ವಾರ ಮಾರಿದರೆ ಎಷ್ಟು ಸಿಗುತ್ತಿತ್ತು ಅಂತ ಹಳೆಯ ಮಾರುಕಟ್ಟೆ ದರಗಳನ್ನು ಪಾಂಡಾಸ್ ಅನ್ನುವ ಅಂಕಿಅಂಶದ ಪ್ಯಾಕೇಜಿನಲ್ಲಿ ಹಾಕಿ ಗ್ರಾಫ್ ತೆಗೆದಿದ್ದರು. ತುಂಬಾ ಚಂದ ಇತ್ತು. ಅದೇ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತಂಡ ಫೋಟೋ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿತ್ತು. ಪ್ರಾಜೆಕ್ಟ್ ತೋರಿಸುವ ಹಿಂದಿನ ರಾತ್ರಿ ಅವರು ತಮಗೆ ಬೇಕಾದದ್ದನ್ನು ಹಾಕಿಕೊಂಡರು. ಅದರ ಜೊತೆ ನಂಪೈ (ಪಾಂಡಾಸ್ ಒಳಗೆ ಬಳಸುವ ಲೆಕ್ಕದ ಪ್ಯಾಕೇಜ್) 2ನೇ ಆವೃತ್ತಿ ಬಂದು ಹಳೆಯ ನಂಪೈ ಜಾಗದಲ್ಲಿ ಕೂತಿತು.

ಬೆಳಿಗ್ಗೆ ತೊಗರಿ ತಂಡದ ಹುಡುಗಿ ಬಂದು ಹೇಳಿದಳು: "ಸರ್, ನಿನ್ನಿ ರಾತ್ರಿ ಓಡ್ತಿತ್ರಿ, ಈಗ ಓಡವಲ್ದು. ನಾ ಏನೂ ಮುಟ್ಟಿಲ್ರಿ." ನಿಜವಾಗಿಯೂ ಅವಳು ಏನೂ ಮುಟ್ಟಿರಲಿಲ್ಲ. ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ. ನಂಪೈ 1ಕ್ಕೆ ಹೊಂದಿಸಿ ಕಂಪೈಲ್ ಮಾಡಿದ ಪ್ಯಾಕೇಜುಗಳು ಅದರ ಜೊತೆ ಓಡುವುದಿಲ್ಲ. ಅವರ ಹಳೆಯ ಪಾಂಡಾಸ್ ಅಂಥದ್ದೇ ಆಗಿತ್ತು. ಎರಡು ತಂಡಕ್ಕೂ ಒಂದೇ ಲ್ಯಾಪ್‌ಟಾಪ್ ಕೊಟ್ಟು, ಬೇರೆ ಬೇರೆ ಎನ್ವಿರಾನ್ಮೆಂಟ್ ಮಾಡಿಕೊಡದೆ ಹೋದದ್ದು ನನ್ನ ತಪ್ಪು. ಅವಳು ಅಂದು ಗ್ರಾಫಿನ ಸ್ಕ್ರೀನ್‌ಶಾಟ್ ತೋರಿಸಿ ಬಂದಳು.

ಒಂದೇ ಜಾಗದಲ್ಲಿ ಒಂದು ಪ್ಯಾಕೇಜಿನ ಒಂದೇ ಆವೃತ್ತಿ ಇರಲು ಸಾಧ್ಯ. ಎರಡು ಪ್ರಾಜೆಕ್ಟಿಗೆ ಎರಡು ಆವೃತ್ತಿ ಬೇಕಾದರೆ ಎರಡು ಜಾಗ ಬೇಕು. ಬೇರೆ ದಾರಿ ಇಲ್ಲ.

ಸರಿ, ಮಾಡೋದು ಹೇಗೆ?

ಪ್ರಾಜೆಕ್ಟ್ ಫೋಲ್ಡರಿಗೆ ಹೋಗಿ, ಅಲ್ಲಿ ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆರೆಯಿರಿ. "ಪೈಥಾನ್ -ಎಂ ವೆನ್ವ್ .ವೆನ್ವ್" ಹೊಡೆಯಿರಿ. ಮೊದಲ "ವೆನ್ವ್" ಉಪಕರಣದ ಹೆಸರು, ಎರಡನೆಯದು ಫೋಲ್ಡರಿನ ಹೆಸರು. ಈ ವೆನ್ವ್ 2012ರ ಪೈಥಾನ್ 3.3ರಿಂದ ಪೈಥಾನ್ ಜೊತೆಗೇ ಬರುತ್ತದೆ. ಉಬುಂಟು, ಡೆಬಿಯನ್ ಅನ್ನುವ ಲಿನಕ್ಸ್ ಬಗೆಗಳಲ್ಲಿ ಮಾತ್ರ "ಪೈಥಾನ್3-ವೆನ್ವ್" ಅನ್ನುವುದನ್ನು ಆಪ್ಟ್‌ನಿಂದ (ಸಿಸ್ಟಮ್ಮಿಗೆ ಪ್ರೋಗ್ರಾಮು ಹಾಕುವ ಅವುಗಳ ಉಪಕರಣ) ಬೇರೆಯಾಗಿ ಹಾಕಬೇಕು, ಮತ್ತೆ ಕಮಾಂಡಿನಲ್ಲಿ "ಪೈಥಾನ್3" ಅನ್ನಬೇಕು.

ಆಮೇಲೆ ವಿಂಡೋಸ್‌ನಲ್ಲಿ ".ವೆನ್ವ್\ಸ್ಕ್ರಿಪ್ಟ್ಸ್\ಆಕ್ಟಿವೇಟ್". ಲಿನಕ್ಸ್‌ನಲ್ಲಿ "ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್". ಸಾಲಿನ ಮೊದಲಿಗೆ ಆವರಣದೊಳಗೆ .ವೆನ್ವ್ ಅಂತ ಕಂಡರೆ ಒಳಗೆ ಬಂದಿರಿ. ಹೊರಗೆ ಹೋಗಲು "ಡಿಆಕ್ಟಿವೇಟ್".

ವಿಂಡೋಸ್‌ನಲ್ಲಿ ಆಕ್ಟಿವೇಟ್ ಹೊಡೆದರೆ ಕೆಂಪು ಅಕ್ಷರದಲ್ಲಿ ಬೈಯುತ್ತದೆ!

ವಿಂಡೋಸ್‌ನ ಟರ್ಮಿನಲ್ ಆದ ಪವರ್‌ಶೆಲ್, ಆಕ್ಟಿವೇಟ್ ಸ್ಕ್ರಿಪ್ಟ್ ಓಡಿಸಲು ಬಿಡುತ್ತಿಲ್ಲ. "ಸೆಟ್-ಎಕ್ಸಿಕ್ಯೂಷನ್‌ಪಾಲಿಸಿ -ಸ್ಕೋಪ್ ಕರೆಂಟ್‌ಯೂಸರ್ ರಿಮೋಟ್‌ಸೈನ್ಡ್" ಅಂತ ಒಮ್ಮೆ ಹೊಡೆದರೆ ನಿಮ್ಮ ಖಾತೆಗೆ ಮಾತ್ರ ಅನುಮತಿ ಸಿಗುತ್ತದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಅದನ್ನು ಬದಲಿಸಲು ಬಿಡದಿದ್ದರೆ ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದುಕೊಳ್ಳಿ. ಅಲ್ಲಿ ಈ ತಕರಾರೇ ಇಲ್ಲ.

ಆಕ್ಟಿವೇಟ್ ಮಾಡಿದರೆ ಒಳಗೆ ಏನಾಗುತ್ತದೆ?

ನೀವು "ಪೈಥಾನ್" ಅಂತ ಹೊಡೆದಾಗ ಕಂಪ್ಯೂಟರ್ ಅದನ್ನು ಪಾತ್ ಅನ್ನುವ ವಿಳಾಸಗಳ ಸಾಲಿನಲ್ಲಿ ಒಂದೊಂದಾಗಿ ಹುಡುಕುತ್ತದೆ. ಆಕ್ಟಿವೇಟ್ ನಿಮ್ಮ .ವೆನ್ವ್ ಫೋಲ್ಡರನ್ನು ಆ ಸಾಲಿನ ಮೊದಲಿಗೆ ತಂದು ನಿಲ್ಲಿಸುತ್ತದೆ. ಆ ಟರ್ಮಿನಲ್ ಕಿಟಕಿಯಲ್ಲಿ ಮಾತ್ರ. ಇನ್ನೊಂದು ಕಿಟಕಿ ತೆರೆದರೆ ಮತ್ತೆ ಆಕ್ಟಿವೇಟ್ ಮಾಡಬೇಕು. ಕರೆಂಟು ಹೋಗಿ ಬಂದಮೇಲೆ "ಎಲ್ಲಾ ಪ್ಯಾಕೇಜ್ ಹೋಗಿಬಿಟ್ಟಿದೆ" ಅಂತ ಗಾಬರಿಯಾಗುವವರು ಮರೆತಿರುವುದು ಇದನ್ನೇ. ಏನೂ ಹೋಗಿರುವುದಿಲ್ಲ.

ಆಕ್ಟಿವೇಟ್ ಮಾಡದೆಯೂ ನಡೆಯುತ್ತದೆ. ".ವೆನ್ವ್\ಸ್ಕ್ರಿಪ್ಟ್ಸ್\ಪೈಥಾನ್ ಮೇನ್.ಪಿವೈ" ಅಂತ ಪೂರ್ತಿ ವಿಳಾಸ ಕೊಟ್ಟರೆ ಸಾಕು. ದಿನಾ ರಾತ್ರಿ ತಾನಾಗಿ ಓಡಬೇಕಾದ ಕೆಲಸಕ್ಕೆ ಇದೇ ಒಳ್ಳೆಯದು.

ಉಬುಂಟುವಿನಲ್ಲಿ ಪಿಪ್ ಇನ್‌ಸ್ಟಾಲ್ ಹೊಡೆದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಅಂತ ಬರುತ್ತದೆ.

ಇದು ತೊಂದರೆ ಅಲ್ಲ, ಕಾವಲು. ಉಬುಂಟು ತನ್ನ ಸ್ವಂತ ಕೆಲಸಕ್ಕೂ ಅದೇ ಪೈಥಾನ್ ಬಳಸುತ್ತದೆ. ನೀವು ಅದರಲ್ಲಿ ಕೈ ಆಡಿಸಿದರೆ ಸಿಸ್ಟಮ್ಮಿನ ಉಪಕರಣಗಳೇ ಕೆಡಬಹುದು. ಅದಕ್ಕೆ 2023ರ ಡೆಬಿಯನ್ 12 ಮತ್ತು ಉಬುಂಟು 23.04ರಿಂದ ಈ ತಡೆ ಬಂದಿದೆ. ಸಂದೇಶದ ಕೊನೆಯಲ್ಲಿ "--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್" ಅನ್ನುವ ದಾರಿಯನ್ನೂ ತೋರಿಸುತ್ತದೆ. ದಯವಿಟ್ಟು ಅದನ್ನು ಹೊಡೆಯಬೇಡಿ. ಹೆಸರಲ್ಲೇ ಮುರಿ ಅಂತ ಇದೆ. ಎನ್ವಿರಾನ್ಮೆಂಟ್ ಮಾಡಿಕೊಳ್ಳಿ, ಸಂದೇಶ ಬರುವುದೇ ಇಲ್ಲ.

.ವೆನ್ವ್ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಗೆಳೆಯನಿಗೆ ಕೊಟ್ಟರೆ ಆಗಲ್ವಾ?

ಆಗಲ್ಲ. ಮೇಲೆ ಹೇಳಿದ "ಹೋಮ್" ಸಾಲು ನೆನಪಿದೆಯಾ? ಅದರಲ್ಲಿ ನಿಮ್ಮ ಕಂಪ್ಯೂಟರಿನ ವಿಳಾಸ ಇದೆ. ಒಳಗಿನ ಎಷ್ಟೋ ಫೈಲುಗಳಲ್ಲೂ ನಿಮ್ಮ ಫೋಲ್ಡರಿನ ಪೂರ್ತಿ ದಾರಿ ಬರೆದಿರುತ್ತದೆ. ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆ ಜಾಗ ಇರುವುದಿಲ್ಲ. ನಿಮ್ಮದೇ ಲ್ಯಾಪ್‌ಟಾಪಿನಲ್ಲಿ ಪ್ರಾಜೆಕ್ಟ್ ಫೋಲ್ಡರಿನ ಹೆಸರು ಬದಲಿಸಿದರೂ ಇದೇ ಕಥೆ.

ಕೊಡಬೇಕಾದದ್ದು ಫೋಲ್ಡರ್ ಅಲ್ಲ, ಪಟ್ಟಿ. ನನ್ನ ಇಡೀ ಕ್ಲಾಸಿನಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳಿ ಅಂದರೆ ಇದನ್ನೇ ಹೇಳುತ್ತೇನೆ. ಎನ್ವಿರಾನ್ಮೆಂಟ್ ಕೆಟ್ಟರೆ ಅಳಿಸಿ, ಐದು ನಿಮಿಷದಲ್ಲಿ ಮತ್ತೆ ಮಾಡಬಹುದು. ಪಟ್ಟಿ ಇಲ್ಲದಿದ್ದರೆ ಏನು ಹಾಕಿದ್ದೆವು ಅಂತ ಯಾರಿಗೂ ಗೊತ್ತಿರುವುದಿಲ್ಲ.

ಆ ಪಟ್ಟಿ ಹೇಗೆ ಬರೆಯೋದು?

"ರಿಕ್ವೈರ್ಮೆಂಟ್ಸ್.ಟಿಎಕ್ಸ್‌ಟಿ" ಅಂತ ಒಂದು ಫೈಲು. ಸಾಲಿಗೊಂದು ಪ್ಯಾಕೇಜ್, ಎರಡು ಈಕ್ವಲ್ ಚಿಹ್ನೆ, ಆವೃತ್ತಿ ಸಂಖ್ಯೆ. ಮತ್ತೆ ಹಾಕುವಾಗ "ಪಿಪ್ ಇನ್‌ಸ್ಟಾಲ್ -ಆರ್ ರಿಕ್ವೈರ್ಮೆಂಟ್ಸ್.ಟಿಎಕ್ಸ್‌ಟಿ".

"ಪಿಪ್ ಫ್ರೀಜ್" ಹೊಡೆದರೆ ಈಗ ಇರುವುದೆಲ್ಲಾ ಸಾಲಾಗಿ ಬರುತ್ತದೆ. ಆದರೆ ಅದು ನೀವು ಕೇಳಿದ್ದನ್ನೂ, ಅವುಗಳ ಜೊತೆ ಬಂದದ್ದನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ನೀವು ಪಾಂಡಾಸ್ ಒಂದೇ ಕೇಳಿದ್ದರೂ ಪಟ್ಟಿಯಲ್ಲಿ ನಂಪೈ, ಡೇಟ್‌ಯುಟಿಲ್, ಸಿಕ್ಸ್ ಎಲ್ಲಾ ಇರುತ್ತವೆ. ಆರು ತಿಂಗಳ ನಂತರ ಯಾವುದು ನಿಮಗೆ ಬೇಕಾಗಿತ್ತು, ಯಾವುದು ಹಿಂದೆ ಬಂದದ್ದು ಅಂತ ತಿಳಿಯುವುದಿಲ್ಲ.

ನಾನು ಎರಡು ಫೈಲು ಇಡುತ್ತೇನೆ. ಒಂದರಲ್ಲಿ ನಾನೇ ಕೈಯಾರೆ ಬರೆದ ನಾಲ್ಕೈದು ಹೆಸರು. ಇನ್ನೊಂದರಲ್ಲಿ ಫ್ರೀಜ್ ಕೊಟ್ಟ ಪೂರ್ತಿ ಪಟ್ಟಿ. ಮೊದಲನೆಯದು ಮನುಷ್ಯರು ಓದಲು, ಎರಡನೆಯದು ಅದೇ ಆವೃತ್ತಿಗಳು ಮತ್ತೆ ಸಿಗಲು. ಕೆಲಸಕ್ಕೆ ಸೇರಿದಮೇಲೆ "ಪೈಪ್ರಾಜೆಕ್ಟ್.ಟಾಮಲ್" ಮತ್ತು ಲಾಕ್ ಫೈಲು ಅಂತ ನೋಡುತ್ತೀರಿ. ಅದೂ ಇದೇ ವಿಚಾರ.

ಒಂದು ಸಣ್ಣ ಎಚ್ಚರಿಕೆ. ವಿಂಡೋಸ್ ಜೊತೆ ಬರುವ ಹಳೆ ಪವರ್‌ಶೆಲ್ 5.1ರಲ್ಲಿ ಬಾಣದ ಗುರುತು (>) ಹಾಕಿ ಫ್ರೀಜ್‌ನ ಪಟ್ಟಿಯನ್ನು ಫೈಲಿಗೆ ಇಳಿಸಿದರೆ ಅದು ಯುಟಿಎಫ್-16 ಅನ್ನುವ ಅಕ್ಷರ ಸಂಕೇತದಲ್ಲಿ ಉಳಿಯುತ್ತದೆ. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಉಪಕರಣ) ಅದನ್ನು ಪಠ್ಯ ಅಂತಲೇ ಒಪ್ಪುವುದಿಲ್ಲ. ಎಡಿಟರಿನಲ್ಲಿ ತೆರೆದು ಯುಟಿಎಫ್-8 ಆಗಿ ಉಳಿಸಿ.

ನನ್ನ ಹತ್ತಿರ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ ಇದೆ. ದಿನದ ಡೇಟಾ ಅರ್ಧ ಗಂಟೆಗೆ ಮುಗಿಯುತ್ತದೆ.

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ವಿಶೇಷ ಪ್ರೀತಿ. ಇದಕ್ಕೆ ಒಳ್ಳೆಯ ದಾರಿಯೇ ಇದೆ.

ಮೊದಲು ತಿಳಿಯಬೇಕಾದದ್ದು, ಪಿಪ್ ಒಮ್ಮೆ ಇಳಿಸಿಕೊಂಡದ್ದನ್ನು ಕ್ಯಾಶ್ ಅನ್ನುವ ತನ್ನ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಆವೃತ್ತಿಯನ್ನು ಇನ್ನೊಂದು ಎನ್ವಿರಾನ್ಮೆಂಟಿಗೆ ಹಾಕುವಾಗ ಮತ್ತೆ ಪೂರ್ತಿ ಇಳಿಸುವುದಿಲ್ಲ. ಹಾಗಾಗಿ ಹತ್ತು ಪ್ರಾಜೆಕ್ಟಿಗೆ ಹತ್ತು ಎನ್ವಿರಾನ್ಮೆಂಟ್ ಅಂದರೆ ಹತ್ತು ಪಟ್ಟು ಡೇಟಾ ಅಲ್ಲ.

ಎರಡನೆಯದು, ಗಂಟು ಕಟ್ಟುವುದು. ಒಳ್ಳೆಯ ನೆಟ್ ಇರುವ ಕಡೆ "ಪಿಪ್ ಡೌನ್‌ಲೋಡ್ -ಆರ್ ರಿಕ್ವೈರ್ಮೆಂಟ್ಸ್.ಟಿಎಕ್ಸ್‌ಟಿ -ಡಿ ಗಂಟು" ಅಂತ ಹೊಡೆಯಿರಿ. "ಗಂಟು" ಅನ್ನುವ ಫೋಲ್ಡರಿಗೆ ಎಲ್ಲಾ ಫೈಲುಗಳು ಬಂದು ಸೇರುತ್ತವೆ. ಪೆನ್‌ಡ್ರೈವಿಗೆ ಹಾಕಿಕೊಂಡು ಊರಿಗೆ ಹೋಗಿ. ಅಲ್ಲಿ ನೆಟ್ ಇಲ್ಲದೆಯೇ "ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ಗಂಟು -ಆರ್ ರಿಕ್ವೈರ್ಮೆಂಟ್ಸ್.ಟಿಎಕ್ಸ್‌ಟಿ". "ನೋ-ಇಂಡೆಕ್ಸ್" ಅಂದರೆ ಇಂಟರ್ನೆಟ್ಟಿಗೆ ಹೋಗಬೇಡ, ಈ ಗಂಟಿನಲ್ಲೇ ಹುಡುಕು ಅಂತ. ನಮ್ಮ ಕ್ಲಾಸಿನ ಅಷ್ಟೂ ಕಂಪ್ಯೂಟರುಗಳಿಗೆ ನಾನು ಪ್ಯಾಕೇಜ್ ಹಾಕುವುದು ಹೀಗೇ. ಒಂದೇ ಸಲ ಇಳಿಸುತ್ತೇನೆ, ಪೆನ್‌ಡ್ರೈವ್ ಕೈಯಿಂದ ಕೈಗೆ ಹೋಗುತ್ತದೆ.

ಆದರೆ ಗಂಟು ಎಲ್ಲಾ ಕಂಪ್ಯೂಟರಿಗೂ ಹೊಂದುವುದಿಲ್ಲ. ಒಂದು ಫೈಲಿನ ಹೆಸರನ್ನು ಹತ್ತಿರದಿಂದ ನೋಡಿ: "ನಂಪೈ-1.26.4-ಸಿಪಿ311-ಸಿಪಿ311-ವಿನ್_ಎಎಂಡಿ64". ನಂಪೈಯ 1.26.4 ಆವೃತ್ತಿ, ಪೈಥಾನ್ 3.11ಕ್ಕೆ, 64 ಬಿಟ್ ವಿಂಡೋಸ್‌ಗೆ ಅಂತ ಅರ್ಥ. ನಿಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಪೈಥಾನ್ 3.12 ಇದ್ದರೆ ಇದು ಹೋಗುವುದಿಲ್ಲ. ಗಂಟು ಕಟ್ಟುವ ಮುಂಚೆ ಎರಡೂ ಕಡೆ "ಪೈಥಾನ್ --ವರ್ಷನ್" ಹೊಡೆದು ಒಂದೇ ಇದೆಯಾ ಅಂತ ನೋಡಿ.

ಮೂರನೆಯದು ಪೈಟಾರ್ಚ್ (ಮಷೀನ್ ಲರ್ನಿಂಗ್ ಪ್ಯಾಕೇಜ್) ಬಗ್ಗೆ. ಲಿನಕ್ಸ್‌ನಲ್ಲಿ ಸುಮ್ನೆ "ಪಿಪ್ ಇನ್‌ಸ್ಟಾಲ್ ಟಾರ್ಚ್" ಹೊಡೆದರೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಲೈಬ್ರರಿಗಳೂ ಬರುತ್ತವೆ, ಜಿಬಿಗಟ್ಟಲೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕಾರ್ಡ್ ಇಲ್ಲದಿದ್ದರೆ ಅಷ್ಟೂ ಡೇಟಾ ದಂಡ. ಪೈಟಾರ್ಚ್ ಜಾಲತಾಣದಲ್ಲಿ "ಸಿಪಿಯು" ಆಯ್ಕೆ ಮಾಡಿ, ಅದು ಕೊಡುವ ಕಮಾಂಡನ್ನೇ ಬಳಸಿ.

ಪ್ಯಾಕೇಜ್ ಹಾಕಿದ್ದೇನೆ, ಆದರೂ "ಮಾಡ್ಯೂಲ್ ನಾಟ್ ಫೌಂಡ್" ಅನ್ನುತ್ತದೆ.

ಹಾಕಿದ್ದು ಒಂದು ಪೈಥಾನಿಗೆ, ಓಡಿಸುತ್ತಿರುವುದು ಇನ್ನೊಂದರಲ್ಲಿ. ಬಹಳಷ್ಟು ಸಲ ಇಷ್ಟೇ.

ಬರೀ "ಪಿಪ್" ಅನ್ನುವ ಬದಲು "ಪೈಥಾನ್ -ಎಂ ಪಿಪ್ ಇನ್‌ಸ್ಟಾಲ್" ಅನ್ನುವ ರೂಢಿ ಮಾಡಿಕೊಳ್ಳಿ. ಆಗ ಯಾವ ಪೈಥಾನ್ ಓಡುತ್ತಿದೆಯೋ ಅದಕ್ಕೇ ಹೋಗುತ್ತದೆ. ವಿಎಸ್ ಕೋಡ್ ಎಡಿಟರಿನಲ್ಲಿ "ಸೆಲೆಕ್ಟ್ ಇಂಟರ್‌ಪ್ರಿಟರ್" ತೆರೆದು .ವೆನ್ವ್ ಒಳಗಿನದ್ದನ್ನು ಆರಿಸಿ. ಜುಪಿಟರ್ ನೋಟ್‌ಬುಕ್ಕಿಗೆ ಕರ್ನಲ್ (ಅದರ ಕೋಡ್ ಓಡಿಸುವ ಪೈಥಾನ್) ಬೇರೆಯೇ ಇರುತ್ತದೆ. ಎನ್ವಿರಾನ್ಮೆಂಟಿನ ಒಳಗೆ "ಐಪೈಕರ್ನಲ್" ಹಾಕಿ, "ಪೈಥಾನ್ -ಎಂ ಐಪೈಕರ್ನಲ್ ಇನ್‌ಸ್ಟಾಲ್ --ಯೂಸರ್ --ನೇಮ್ ತೊಗರಿ" ಹೊಡೆದರೆ ನೋಟ್‌ಬುಕ್ಕಿನ ಕರ್ನಲ್ ಪಟ್ಟಿಯಲ್ಲಿ "ತೊಗರಿ" ಕಾಣುತ್ತದೆ.

ಇನ್ನೂ ಅನುಮಾನ ಇದ್ದರೆ ಪ್ರೋಗ್ರಾಮಿನ ಮೊದಲ ಸಾಲಿನಲ್ಲಿ "ಸಿಸ್.ಎಕ್ಸಿಕ್ಯೂಟಬಲ್" ಪ್ರಿಂಟ್ ಮಾಡಿಸಿ. ಯಾವ ಪೈಥಾನ್ ಅಂತ ಅದೇ ಹೇಳುತ್ತದೆ.

"ಪಿಪ್ ಇನ್‌ಸ್ಟಾಲ್ ಸಿವಿ2" ಅಂದರೆ ಬರುತ್ತಿಲ್ಲವಲ್ಲ?

ಇಂಪೋರ್ಟ್ ಮಾಡುವ ಹೆಸರು ಬೇರೆ, ಹಾಕುವ ಹೆಸರು ಬೇರೆ. "ಸಿವಿ2"ಗೆ "ಓಪನ್‌ಸಿವಿ-ಪೈಥಾನ್". "ಪಿಐಎಲ್"ಗೆ "ಪಿಲ್ಲೋ". "ಎಸ್‌ಕೆಲರ್ನ್"ಗೆ "ಸೈಕಿಟ್-ಲರ್ನ್". "ಯಾಮಲ್"ಗೆ "ಪೈಯಾಮಲ್".

ಊಹೆ ಮಾಡಿ ಹೊಡೆಯಬೇಡಿ. ಪಿಪ್ ಪ್ಯಾಕೇಜ್ ತರುವ ಜಾಲತಾಣ ಪೈಪಿಐ. ಅದಕ್ಕೆ ಯಾರು ಬೇಕಾದರೂ ಪ್ಯಾಕೇಜ್ ಏರಿಸಬಹುದು. ಪ್ರಸಿದ್ಧ ಹೆಸರಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿ ಕಳ್ಳ ಪ್ಯಾಕೇಜ್ ಇಡುವವರು ಇದ್ದಾರೆ. ಇನ್‌ಸ್ಟಾಲ್ ಆಗುವಾಗಲೇ ಅದರ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಓಡಬಹುದು. ಎನ್ವಿರಾನ್ಮೆಂಟ್ ಇದರಿಂದ ಕಾಪಾಡುವುದಿಲ್ಲ. ಅದು ಪ್ಯಾಕೇಜುಗಳನ್ನು ಬೇರೆ ಇಡುತ್ತದೆ ಅಷ್ಟೇ, ನಿಮ್ಮ ಫೈಲುಗಳಿಗೆ ಬೀಗ ಹಾಕುವುದಿಲ್ಲ. ಎಐ ಚಾಟ್ ಹೇಳಿದ ಹೆಸರನ್ನೂ ಮೊದಲು ಪೈಪಿಐ ಪುಟದಲ್ಲಿ ನೋಡಿ. ಇಲ್ಲದ ಪ್ಯಾಕೇಜಿನ ಹೆಸರನ್ನು ಅದು ಧೈರ್ಯವಾಗಿ ಹೇಳಿಬಿಡುತ್ತದೆ, ಆ ಹೆಸರಿನಲ್ಲಿ ಯಾರೋ ಕೆಟ್ಟದ್ದನ್ನು ಏರಿಸಿಡಬಹುದು.

ಕನ್ನಡ ಪುಟ ಓದಿಸಲು ಪೈಟೆಸರಾಕ್ಟ್ ಹಾಕಿದೆ, ಟೆಸರಾಕ್ಟ್ ಸಿಗುತ್ತಿಲ್ಲ ಅನ್ನುತ್ತದೆ.

ಒಳ್ಳೆಯ ಪ್ರಶ್ನೆ, ಯಾಕಂದರೆ ಪಿಪ್‌ನ ಗಡಿ ಇಲ್ಲಿ ಕಾಣುತ್ತದೆ. ಪೈಟೆಸರಾಕ್ಟ್ ಬರೀ ಮಧ್ಯವರ್ತಿ. ಅಕ್ಷರ ಗುರುತಿಸುವ ಟೆಸರಾಕ್ಟ್ ಪೈಥಾನಿನದ್ದಲ್ಲ, ಬೇರೆ ಪ್ರೋಗ್ರಾಮು. ಅದನ್ನು ಸಿಸ್ಟಮ್ಮಿಗೇ ಹಾಕಬೇಕು. ಉಬುಂಟುವಿನಲ್ಲಿ ಆಪ್ಟ್‌ನಿಂದ "ಟೆಸರಾಕ್ಟ್-ಓಸಿಆರ್", ಜೊತೆಗೆ ಕನ್ನಡಕ್ಕೆ "ಟೆಸರಾಕ್ಟ್-ಓಸಿಆರ್-ಕನ್". ಇಂಥವುಗಳನ್ನು ಪಿಪ್ ಪಟ್ಟಿ ಹಿಡಿಯುವುದಿಲ್ಲ. ಹಾಗಾಗಿ ಪ್ರಾಜೆಕ್ಟಿನ ರೀಡ್‌ಮಿ (ಮೊದಲು ಓದಬೇಕಾದ ಸೂಚನೆ) ಫೈಲಿನಲ್ಲಿ ಒಂದು ಸಾಲು ಬರೆದಿಡಿ.

ವೆನ್ವ್ ಸಾಕೋ, ಕೊಂಡಾ ಬೇಕೋ, ಯುವಿ ಬೇಕೋ?

ಮೂರೂ ಎನ್ವಿರಾನ್ಮೆಂಟ್ ಮಾಡುವ ಉಪಕರಣಗಳೇ. ಕಲಿಯುವವರಿಗೆ ವೆನ್ವ್. ಎಲ್ಲಾ ಕಡೆ ಇರುತ್ತದೆ, ಒಳಗಿನದ್ದೂ ಅರ್ಥವಾಗುತ್ತದೆ.

ಕೊಂಡಾ ಪೈಥಾನಿನಾಚೆಯ ಲೈಬ್ರರಿಗಳನ್ನೂ ಹಾಕಬಲ್ಲದು. ನಕ್ಷೆ, ಉಪಗ್ರಹ ಚಿತ್ರ ಅಂಥ ಕೆಲಸ ಮಾಡುವವರಿಗೆ ಅದರಿಂದ ಸಹಾಯ ಇದೆ. ಹಾಕುವುದಾದರೆ ಪೂರ್ತಿ ಅನಕೊಂಡಾ ಬೇಡ, ಚಿಕ್ಕದಾದ ಮಿನಿಫೋರ್ಜ್ ಸಾಕು.

ಯುವಿ 2024ರಲ್ಲಿ ಬಂದದ್ದು, ರಸ್ಟ್ ಭಾಷೆಯಲ್ಲಿ ಬರೆದದ್ದು. ಬಹಳ ವೇಗ. ಪೈಥಾನನ್ನೂ ತಾನೇ ತಂದುಕೊಡುತ್ತದೆ. ಎನ್ವಿರಾನ್ಮೆಂಟುಗಳು ಮತ್ತು ಅದರ ಕ್ಯಾಶ್ ಒಂದೇ ಡ್ರೈವಿನಲ್ಲಿದ್ದರೆ ಫೈಲುಗಳನ್ನು ಮತ್ತೆ ಮತ್ತೆ ನಕಲು ಮಾಡದೆ ಹಂಚಿಕೊಳ್ಳುತ್ತದೆ, ಡಿಸ್ಕ್ ಜಾಗ ಉಳಿಯುತ್ತದೆ. ಈಗ ನನ್ನ ಸ್ವಂತ ಕೆಲಸಕ್ಕೆ ಇದನ್ನೇ ಬಳಸುತ್ತೇನೆ. ಒಂದು ವಿಷಯ ಗೊತ್ತಿರಲಿ: "ಯುವಿ ವೆನ್ವ್" ಮಾಡಿದ ಎನ್ವಿರಾನ್ಮೆಂಟಿನಲ್ಲಿ ಪಿಪ್ ಇರುವುದಿಲ್ಲ, "ಯುವಿ ಪಿಪ್ ಇನ್‌ಸ್ಟಾಲ್" ಅನ್ನಬೇಕು.

ಸೀನಿಯರ್ ಒಬ್ಬರ ಹಳೆಯ ಪ್ರಾಜೆಕ್ಟ್ ತಂದಿದ್ದೇನೆ. "ಡಿಸ್ಟ್‌ಯುಟಿಲ್ಸ್" ಇಲ್ಲ ಅನ್ನುತ್ತಿದೆ.

ಅದು ಪೈಥಾನ್ ಜೊತೆಗೇ ಬರುತ್ತಿದ್ದ ಹಳೆಯ ಭಾಗ, ಪೈಥಾನ್ 3.12ರಲ್ಲಿ ತೆಗೆದುಹಾಕಿದ್ದಾರೆ. ಪ್ಯಾಕೇಜಿನ ಹಾಗೆ ಪೈಥಾನಿಗೂ ಆವೃತ್ತಿ ಇದೆ ಅಲ್ವಾ. ಪೈಥಾನ್ 3.11 ಕೂಡ ಹಾಕಿಕೊಂಡು, ವಿಂಡೋಸ್‌ನಲ್ಲಿ "ಪಿವೈ -3.11 -ಎಂ ವೆನ್ವ್ .ವೆನ್ವ್" ಹೊಡೆಯಿರಿ. ಆ ಪ್ರಾಜೆಕ್ಟ್ ಮಾತ್ರ ಹಳೆಯದರಲ್ಲಿ ಓಡುತ್ತದೆ.

.ವೆನ್ವ್ ಅನ್ನು ಗಿಟ್‌ಹಬ್‌ಗೆ ಏರಿಸಬೇಕಾ?

ಬೇಡ. ".ಗಿಟ್‌ಇಗ್ನೋರ್" ಫೈಲಿನಲ್ಲಿ ಅದರ ಹೆಸರು ಬರೆಯಿರಿ, ಗಿಟ್ ಅದನ್ನು ಬಿಟ್ಟುಬಿಡುತ್ತದೆ. ಪೈಥಾನ್ 3.13ರಿಂದ ವೆನ್ವ್ ತಾನೇ ಈ ವ್ಯವಸ್ಥೆ ಮಾಡಿಕೊಳ್ಳುತ್ತದೆ.

ನೋಡ್ ಜೆಎಸ್‌ಗೂ ಹೀಗೇ ಮಾಡಬೇಕಾ?

ಇಲ್ಲ. ಪೈಥಾನಿಗೆ ಪಿಪ್ ಇದ್ದ ಹಾಗೆ ನೋಡ್‌ಗೆ ಎನ್‌ಪಿಎಂ. ಅದು ಮೊದಲಿಂದಲೇ ಪ್ರಾಜೆಕ್ಟ್ ಒಳಗಿನ "ನೋಡ್_ಮಾಡ್ಯೂಲ್ಸ್"ಗೆ ಹಾಕುತ್ತದೆ. ಪಟ್ಟಿ "ಪ್ಯಾಕೇಜ್.ಜೇಸನ್"ನಲ್ಲಿರುತ್ತದೆ. ಅದರ ಲಾಕ್ ಫೈಲನ್ನೂ ಗಿಟ್‌ಗೆ ಸೇರಿಸಿ.

ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ವರ್ಷದಿಂದ ಎಲ್ಲಾ ಒಂದೇ ಕಡೆ ಹಾಕಿದ್ದೇನೆ. ಈಗ ಏನು ಮಾಡಲಿ?

ಮೊದಲು ಏನನ್ನೂ ಅಳಿಸಬೇಡಿ. "ಪಿಪ್ ಫ್ರೀಜ್" ಹೊಡೆದು ಆ ಪಟ್ಟಿಯನ್ನು ಜೋಪಾನ ಮಾಡಿ. ಯಾವ ಆವೃತ್ತಿಯಲ್ಲಿ ಓಡುತ್ತಿತ್ತು ಅನ್ನುವುದಕ್ಕೆ ಅದೊಂದೇ ಸಾಕ್ಷಿ.

ಆಮೇಲೆ ನಿಮಗೆ ಈಗ ಬೇಕಾದ ಒಂದೇ ಪ್ರಾಜೆಕ್ಟ್ ಹಿಡಿಯಿರಿ. ಅದರ ಫೋಲ್ಡರಿನಲ್ಲಿ ಖಾಲಿ ಎನ್ವಿರಾನ್ಮೆಂಟ್ ಮಾಡಿ, ಪ್ರೋಗ್ರಾಮ್ ಓಡಿಸಿ. ಅದು ಯಾವ ಮಾಡ್ಯೂಲ್ ಇಲ್ಲ ಅನ್ನುತ್ತದೋ ಅದರ ಹೆಸರನ್ನು ಪಟ್ಟಿಗೆ ಬರೆದು, ಜೋಪಾನ ಮಾಡಿದ ಪಟ್ಟಿಯಿಂದ ಆವೃತ್ತಿ ನೋಡಿ ಹಾಕಿ. ಮತ್ತೆ ಓಡಿಸಿ. ಇನ್ನೊಂದು ಕೇಳುತ್ತದೆ. ಐದಾರು ಸಲದಲ್ಲಿ ಮುಗಿಯುತ್ತದೆ. ತೊಗರಿ ದರದ ಪ್ರಾಜೆಕ್ಟನ್ನು ಆ ಹುಡುಗಿ ಮುಂದಿನ ಭಾನುವಾರ ಹೀಗೇ ಎತ್ತಿ ನಿಲ್ಲಿಸಿದಳು. ಮೂರೇ ಸಾಲಿನ ಪಟ್ಟಿ ಸಾಕಾಯಿತು: ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಜೊತೆಗೆ ಹಳೆಯ ಆವೃತ್ತಿಗೆ ಕಟ್ಟಿಹಾಕಿದ ನಂಪೈ.

ಓಡಿತು ಅಂದಮೇಲೆ ಒಂದು ಪರೀಕ್ಷೆ ಉಳಿದಿದೆ. ಆ .ವೆನ್ವ್ ಫೋಲ್ಡರನ್ನು ಅಳಿಸಿ. ಪಟ್ಟಿಯಿಂದ ಮತ್ತೆ ಮಾಡಿ. ಆಗಲೂ ಓಡಿದರೆ ಮುಂದಿನ ಪ್ರಾಜೆಕ್ಟಿಗೆ ಹೋಗಿ. ಎಲ್ಲಾ ಮುಗಿದ ದಿನ ಸಾಮೂಹಿಕ ಜಾಗದ ಪ್ಯಾಕೇಜುಗಳನ್ನು "ಪಿಪ್ ಅನ್‌ಇನ್‌ಸ್ಟಾಲ್" ಮಾಡಿ. ಉಬುಂಟುವಿನಲ್ಲಿ ಸಿಸ್ಟಮ್ಮಿನವು ಕೂಡ ಅಲ್ಲೇ ಇರುತ್ತವೆ, ಅವನ್ನು ಮುಟ್ಟಬೇಡಿ. ವಿಂಡೋಸ್ ಆದರೆ, ಎನ್ವಿರಾನ್ಮೆಂಟಿನ ಹೊರಗೆ ನಿಂತು "ಪಿಪ್ ಲಿಸ್ಟ್" ಹೊಡೆದಾಗ ಪಿಪ್ ಒಂದೇ (ಪೈಥಾನ್ 3.11 ಅಥವಾ ಹಳೆಯದಾದರೆ ಜೊತೆಗೆ ಸೆಟಪ್‌ಟೂಲ್ಸ್) ಕಾಣಬೇಕು.